ಕೇರಿ ಮರೆತ ಹುಡುಗ

ಲಾಕಪ್ಪಿನಲ್ಲಿ ಯಾರಾದರೂ ಸತ್ತರೆ, ಕೆಲವು ದಿನಗಳಲ್ಲೇ ಅವರ ಕೇರಿಗೆ ಮರೆವಿನ ಲಸಿಕೆ ಹಾಕುವವರು ಬರುತ್ತಿದ್ದರು. ಪೋಲಿಯೋ ಹನಿಗೆ ನಿಂತಂತೆ ಜನ ಸಾಲಾಗಿ ನಿಂತು ಹಾಕಿಸಿಕೊಳ್ಳುತ್ತಿದ್ದರು. ದುರುಗವ್ವನ ತಮ್ಮ ಮಾರೆಪ್ಪ ಸತ್ತಾಗಲೂ ಬಂದರು. ಅವನನ್ನು ಮಣ್ಣು ಮಾಡಿ, ಅವಳು ಮೆಣಸಿನಕಾಯಿ ಬಿಡಿಸಲು ದೂರದ ಹೊಲಗಳಿಗೆ ಹೋಗಿದ್ದರಿಂದ ತಪ್ಪಿಸಿಕೊಂಡಳು. ಈಗ ಕೇರಿಯಲ್ಲಿ ಅವನ ನೆನಪಿರುವುದು ಅವಳೊಬ್ಬಳಿಗೇ.

ಮಾನವ ಹಕ್ಕು ಕಾರ್ಯಕರ್ತರ ತರಬೇತಿಗೆ ಅರ್ಜಿ ಹಾಕಿ, ಸಂದರ್ಶನಕ್ಕೆ ತಾಯಿಯನ್ನೂ ಕರೆದುಕೊಂಡು ಪಟ್ಟಣಕ್ಕೆ ಹೋದಳು. ತರಬೇತಿ ನಡೆಸುವ ನಸ್ರೀನ್ ಮೇಡಂ ಸಮಾಧಾನದಿಂದ ಕೇಳಿಸಿಕೊಂಡರು.

“ಅವನ ಮೈತುಂಬ ಬಾಸುಂಡೆ ಇದ್ದವು ರೀ ಮೇಡಂ. ಕಡೀ ನೀರು ನಾನ ಹಾಕೀನಿ. ಇದನ್ನ ಎಲ್ಲಿ, ಹೆಂಗ ಕೇಳಬೇಕಂತ ಕಲಿಸ್ರಿ, ಸಾಕು.”

“ನಿನ್ನಂಥವರೇ ಬೇಕಮ್ಮ. ಆದರೆ ಒಬ್ಬರದೇ ನೆನಪಾದರೆ ಕೋರ್ಟು ಅದನ್ನು ಭ್ರಮೆ ಅನ್ನುತ್ತೆ, ನಿನಗೂ ಲಸಿಕೆ ಹಾಕಿಸುತ್ತೆ. ಇನ್ನೊಬ್ಬರಿಗಾದರೂ ನೆನಪಿಲ್ಲದೆ ನಿನ್ನನ್ನು ಸೇರಿಸಿಕೊಳ್ಳೋಕಾಗಲ್ಲ.”

ದುರುಗವ್ವ ತಾಯಿಯ ಮುಂದೆ ಕುಕ್ಕರಿಸಿದಳು. “ಯವ್ವಾ, ಮಾರೆಪ್ಪ. ನಿನ್ನ ಮಗ. ರೈಲು ಕೂಗಿದ್ರ ತಾನೂ ಕೂಗತಿದ್ದ. ಒಂಚೂರು ನೆನಪು ಮಾಡ್ಕೊ.”

ತಾಯಿ ಕಣ್ಣು ಮುಚ್ಚಿ ಬಹಳ ಹೊತ್ತು ತಿಣುಕಿದಳು. “ಇಲ್ಲವ್ವ. ನನಗ ನೀನೊಬ್ಬಾಕೀನ ಮಗಳು.”

ಮೇಡಂ ತಲೆ ತಗ್ಗಿಸಿ ಮುಂದಿನವರನ್ನು ಕರೆದರು.

ಹೊರಗೆ ಮೆಟ್ಟಿಲ ಮೇಲೆ ಕೂತು ದುರುಗವ್ವ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಅವಳನ್ನು ಎದೆಗೊತ್ತಿಕೊಂಡು ಸೆರಗಿನಿಂದ ಕಣ್ಣೊರೆಸಿದಳು.

“ಅಳಬ್ಯಾಡ ಮಗಳ. ನೀನ ಇಷ್ಟು ಅಳತಿ ಅಂದ್ರ, ಪಾಪ, ಆ ಹುಡುಗನ್ನ ಹೆತ್ತಾಕಿ ಎಷ್ಟು ಅಳತಿರಬೇಕು!”