ಮಗಳ ಕನ್ನಡ

“ಅತ್ತೆ, ನಂಗೆ ಇನ್ನೊಂದು ನೀರುದೋಸೆ ಕೊಡ್ತೀರಾ?” ಎಂದು ಹನ್ನೊಂದು ವರ್ಷದ ಶರ್ಮಿಳಾ ಕೇಳಿದಾಗ ತಾಯಿ ರಾಜೀವಿಯ ಕೈಯ ತುತ್ತು ಬಾಯಿಗೆ ಹೋಗದೆ ನಿಂತಿತು. ಕಲ್ಕತ್ತೆಯ ಕಾಳಿಘಾಟಿನ ಮನೆಯಲ್ಲಿ ಅವಳು ಕನ್ನಡದಲ್ಲಿ ಏನೇ ಕೇಳಲಿ, ಮಗಳ ಉತ್ತರ ಬರುತ್ತಿದ್ದದ್ದು ಶಾಲೆಯ ಹಿಂದಿಯಲ್ಲಿ. ಬೈದರೂ ಅಷ್ಟೆ, ಮುದ್ದು ಮಾಡಿದರೂ ಅಷ್ಟೆ.

ಒಲೆಯ ಮುಂದೆ ಕೂತು ದೋಸೆ ಎರೆಯುತ್ತಿದ್ದವಳು ರಾಜೀವಿಯ ತಮ್ಮ ಜಯಕರನ ಹೆಂಡತಿ, ಇಟಲಿಯ ಲೂಚಿಯಾ. ಕಲ್ಕತ್ತೆಯಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆ ದೂರದ ಈ ಹಳ್ಳಿಯಲ್ಲಿ ಗಂಡ ಹೆಂಡತಿ ಮಣ್ಣಿನ ಮನೆ ಕಟ್ಟಿಕೊಂಡು, ಬಾತುಕೋಳಿ ಸಾಕಿ, ತರಕಾರಿ ಬೆಳೆದು ಬದುಕುತ್ತಿದ್ದರು. ಹೊರಗೋಡೆಯ ಮೇಲೆ ಪಂಚಾಯತ್ ಚುನಾವಣೆಯ ಕುಡುಗೋಲು-ಸುತ್ತಿಗೆ ಚಿತ್ರ ಇನ್ನೂ ಮಾಸಿರಲಿಲ್ಲ. ಲೂಚಿಯಾಗೆ ಹಿಂದಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಉಡುಪಿಯಲ್ಲಿ ರಾಜೀವಿಯ ತಾಯಿಯ ಜೊತೆ ಎರಡು ವರ್ಷ ಇದ್ದು ಕಲಿತ ಕನ್ನಡ ಮಾತ್ರ ಸರಾಗ. ಬೆಳಗ್ಗೆ ತಾಯಿಯ ಜೊತೆ ಬಂದಾಗಿನಿಂದ ಶರ್ಮಿಳಾ ಮಾತಿಲ್ಲದೆ ಲೂಚಿಯಾಳ ಹಿಂದೆಯೇ ಸುತ್ತುತ್ತಿದ್ದಳು.

“ಇಕೊ, ನನ್ನದೇ ತಿನ್ನು ಮಗಾ,” ಎಂದು ರಾಜೀವಿ ತನ್ನ ತಟ್ಟೆಯನ್ನು ಮಗಳ ಕಡೆ ಸರಿಸಿದಳು.

“ನಹೀಂ ಮಮ್ಮಿ, ಠಂಡಾ ಹೋ ಗಯಾ.” ತಣ್ಣಗಾಗಿದೆ ಎಂದು ಮಗಳು ಹಿಂದಿಯಲ್ಲೇ ಹೇಳಿದಳು.

ಲೂಚಿಯಾ ಬಿಸಿ ದೋಸೆ ಹಾಕುತ್ತಾ ನಕ್ಕಳು. “ರಾಜೀವಕ್ಕ, ಮಗಳ ಕನ್ನಡ ಎಷ್ಟು ಚಂದ. ನಿಮ್ಮ ಹಾಗೆಯೇ ಮಾತಾಡ್ತಾಳೆ.”

“ಮತ್ತೆ? ಮನೆಯಲ್ಲಿ ನಾವಿಬ್ಬರೂ ಕನ್ನಡವೇ ಅಲ್ವಾ,” ಎಂದಳು ರಾಜೀವಿ, ಅವಳ ಮುಖ ನೋಡದೆ.

ಶರ್ಮಿಳಾ ತಾಯಿಯನ್ನು ಒಮ್ಮೆ ದಿಟ್ಟಿಸಿದಳು. “ಹೌದು ಅತ್ತೆ, ಅಮ್ಮನೇ ಕಲಿಸಿದ್ದು,” ಎಂದು ಲೂಚಿಯಾಗೆ ಹೇಳಿ, ದೋಸೆ ಮುರಿದಳು.