ಐದನೆಯ ಕುಳಿ

"ನಾಲ್ಕೇ ಸಿಡ್ದದ್ದು! ಯಾರೂ ಏಳ್ಬೇಡಿ!" ಬದ್ರುದ್ದೀನ್ ಕೂಗಿದ. ಇಡಗುಂದಿ ಘಟ್ಟದ ರಸ್ತೆಗೆ ಬಂಡೆ ಒಡೆಯಲು ಅವನು ಐದು ಕುಳಿಗಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದ್ದ. ನೀಲಾ ಆಗಲೇ ಕಲ್ಲು ಹೊರುವ ಬುಟ್ಟಿ ಎತ್ತಿಕೊಂಡು ಮರೆಯಿಂದ ಹೊರಬಿದ್ದಿದ್ದಳು.

ಮೇಸ್ತ್ರಿ ಕಮಲಾಕರ ನಕ್ಕ. "ಐದೂ ಕೇಳ್ತಲ್ಲ ಮಾರಾಯ! ಕಿವಿಗೆ ಹತ್ತಿ ಇಟ್ಕಂಡಿದ್ಯಾ?"

ಬದ್ರುದ್ದೀನ್ ಅವನ ತುಟಿಗಳನ್ನೇ ನೋಡುತ್ತಿದ್ದ. ಬದ್ರುದ್ದೀನನ ಅಂಗೈ ಇನ್ನೂ ಮರೆಯ ಬಂಡೆಯ ಮೇಲಿತ್ತು. ಕಿವುಡನಿಗೆ ಮದ್ದಿನ ಕೆಲಸ ಯಾರೂ ಕೊಡುವುದಿಲ್ಲ. ನೀಲಾ ಇನ್ನೆರಡು ಹೆಜ್ಜೆ ಇಟ್ಟಳು.

"ನಂಗೆ ಕಿವಿ ಕೇಳ್ದೆ ವರ್ಷ ಆಯ್ತು, ಮೇಸ್ತ್ರೇ. ಕೈ ಇಟ್ಟು ಎಣಿಸ್ತೇನೆ. ಎದುರಿನ ಗುಡ್ಡ ಮರುದನಿ ಕೊಟ್ರೆ ಕಿವಿಗೆ ಬರ್ತದೆ, ಕೈಗೆ ಬರೋದಿಲ್ಲ."

ನೀಲಾ ಬುಟ್ಟಿ ಅಲ್ಲೇ ಬಿಟ್ಟು ಮರೆಗೆ ಓಡಿಬಂದಳು. ಮೇಸ್ತ್ರಿಯ ನಗು ನಿಂತಿತು. "ಇದೊಂದು ಮುಗ್ಸು. ನಾಳೆಯಿಂದ ಬರೋದು ಬೇಡ" ಎಂದ.

ಸಿಡಿಯದ ಕುಳಿಗೆ ನೀರು ಹೊಯ್ಯಲು ಮದ್ದು ತುಂಬಿದವನೇ ಹೋಗಬೇಕು. ಅವನು ಮರಳಿ ಬರುವವರೆಗೆ ಉಳಿದವರೆಲ್ಲ ಅವನ ಹೆಸರು ಹಿಡಿದು ಕೂಗುತ್ತಿರಬೇಕು. ಅದು ಅಲ್ಲಿಯ ಪದ್ಧತಿ. ವರ್ಷದಿಂದ ಅವನಿಗೆ ಆ ಕೂಗು ಕೇಳಿರಲಿಲ್ಲ. ಆದರೂ ತಿರುಗಿ ನೋಡಿದರೆ ಅಷ್ಟೂ ಬಾಯಿಗಳು ತನ್ನ ಹೆಸರಿಗೆ ಅಲುಗುವುದು ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು.

ಬಹಳ ಹೊತ್ತು ಕಾದು, ಬದ್ರುದ್ದೀನ್ ನೀರಿನ ಕೊಡ ಎತ್ತಿಕೊಂಡು ಹೊರಟ. ಅರ್ಧ ದಾರಿಯಲ್ಲಿ ತಿರುಗಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಒಬ್ಬರ ಬಾಯಿಯೂ ಅಲುಗುತ್ತಿರಲಿಲ್ಲ.