ಬದುಕುಳಿದ ಆರು ಇಲಿಗಳು

ಬರೀ ವಿಷದ ಇಂಜೆಕ್ಷನ್ ಕೊಟ್ಟ ಇಲಿಗಳೆಲ್ಲ ಲಿವರ್ ಕೆಟ್ಟು ಸತ್ತವು. ಮೊದಲು ನೆಲನೆಲ್ಲಿಯ ಸಾರ ಕುಡಿಸಿ, ಆಮೇಲೆ ವಿಷ ಕೊಟ್ಟ ಆರೂ ಗೆಲುವಾಗಿ ಓಡಾಡಿಕೊಂಡಿದ್ದವು. ಪ್ರಯೋಗ ನಡೆಸಿದ ವಾರಿಜಾ ಇದನ್ನು ಕಣ್ಣಾರೆ ಕಂಡ ಮೇಲೆ ಯಾರ ಮಾತಿಗೂ ಕಿವಿಗೊಡಲಿಲ್ಲ. ಲಿವರ್ ಕೈಕೊಟ್ಟಿದ್ದ ತಮ್ಮನನ್ನು ಆಸ್ಪತ್ರೆಯಿಂದ ಬಿಡಿಸಿ ತಂದು, ಮನೆಯಲ್ಲೇ ಅದೇ ಸಾರ ಕುಡಿಸತೊಡಗಿದಳು.

ಒಂಬತ್ತನೆಯ ದಿನ ಅವನಿಗೆ ಪ್ರಜ್ಞೆ ತಪ್ಪಿತು. ಇನ್ನೊಂದು ಬಾಟಲಿ ಸಾರಕ್ಕೆಂದು ಪ್ರಯೋಗಾಲಯಕ್ಕೆ ಓಡಿಬಂದವಳು, ಇಲಿಗಳಿಗೆ ಇಂಜೆಕ್ಷನ್ ಕೊಡುವ ಈರಯ್ಯನ ಎದುರು ಕುಸಿದು ಕೂತಳು.

"ಇಲಿಗಳು ಬದುಕಿದ್ವಲ್ಲ ಈರಯ್ಯ, ನನ್ನ ತಮ್ಮ ಯಾಕೆ ಏಳ್ತಿಲ್ಲ?"

ಈರಯ್ಯ ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಟ್ಟ.

"ಆ ಆರರ ಸರದಿ ಸಂಕಷ್ಟಿ ದಿನ ಬಂತು, ಮೇಡಂ. ಗಣಪನ ವಾಹನಕ್ಕೆ ವಿಷ ಚುಚ್ಚೋಕೆ ಕೈ ಬರದೆ, ಬರೀ ನೀರು ಚುಚ್ಚಿದ್ದೆ."